ಆಳ್ವಿಕೆಯಿಲ್ಲದ ಅರಸರ ಚದುರಂಗ

1831ನೆಯ ಇಸವಿಯ ಅಕ್ಟೋಬರ್ 19ರಂದು ಮೈಸೂರಿನ ಮಹಾರಾಜರಾದ ಮುಮ್ಮಡಿ ಕೃಷ್ಣರಾಜ ಒಡೆಯರವರು, ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನಿಂದ ಬಂದ ಪತ್ರವೊಂದಕ್ಕೆ ತಲೆಬಾಗಿ, ಐದು ವರ್ಷದ ಶಿಶುವಾಗಿದ್ದಾಗ ತಮಗೊಪ್ಪಿಸಲ್ಪಟ್ಟಿದ್ದ ರಾಜ್ಯದ ಆಡಳಿತವನ್ನು ಯಾವೊಂದು ಪ್ರತಿಭಟನೆಯೂ ಇಲ್ಲದೆ ಕಂಪೆನಿಯ ಅಧಿಕಾರಿಗಳ ವಶಕ್ಕೆ ಬಿಟ್ಟುಕೊಟ್ಟರು. ಪಟ್ಟ ಉಳಿಯಿತು, ಬಿರುದಾವಳಿ ಉಳಿಯಿತು, ಅರಮನೆಯೂ ದಸರೆಯ ಸಿಂಹಾಸನವೂ ಉಳಿದುವು. ಉಳಿಯದೆ ಹೋದದ್ದು ಆಳ್ವಿಕೆಯೊಂದೇ. ಆಗ ಅವರಿಗೆ ಮೂವತ್ತೇಳರ ಪ್ರಾಯ. ಇನ್ನೂ ಮೂವತ್ತಾರು ವರ್ಷಗಳ ಕಾಲ ಬದುಕಿದ್ದ ಈ ಪ್ರಭುಗಳು ಆ ದೀರ್ಘಾವಕಾಶದಲ್ಲಿ ಮಾಡಿದ ಕಾರ್ಯಗಳಲ್ಲಿ ಗ್ರಂಥರಚನೆಯನ್ನೂ ದೇವಾಲಯಗಳಿಗೆ ಕೊಟ್ಟ ದತ್ತಿಗಳನ್ನೂ ನಮ್ಮ ಚರಿತ್ರಕಾರರು ಆದರದಿಂದ ವರ್ಣಿಸಿದ್ದಾರೆ. ಚದುರಂಗದ ವಿಷಯ ಬಂದಾಗ ಮಾತ್ರ, ಹಿರಿಯರ ಸಣ್ಣದೊಂದು ದೌರ್ಬಲ್ಯವನ್ನು ನೆರೆಯವರ ಮುಂದೆ ಮರೆಮಾಚುವವರಂತೆ, ಅರ್ಧ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಈ ಲೇಖನದ ವಸ್ತು ಆ ಅರ್ಧ ವಾಕ್ಯವೇ.

ಅರಸರಿಗೆ ರಾಜ್ಯ ದೊರೆತ ಬಗೆಯಲ್ಲಿಯೇ ಅದು ಕೈತಪ್ಪಿದ ಬಗೆಯ ಬೀಜವಿದ್ದಿತು. ಅವರು ಹುಟ್ಟಿದ್ದು 1794ರ ಜುಲೈ 14ರಂದು, ಟಿಪ್ಪು ಸುಲ್ತಾನನ ಕಾಲದ ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಮನೆತನದ ಹಕ್ಕನ್ನು ದಶಕಗಳ ಕಾಲ ಬಿಡದೆ ಹಿಡಿದಿದ್ದು, ಮದರಾಸಿನ ಇಂಗ್ಲಿಷರೊಡನೆ ಗುಪ್ತವಾಗಿ ವ್ಯವಹಾರ ನಡೆಸುತ್ತ ಬಂದವರು ಅಜ್ಜಿ ಲಕ್ಷ್ಮಮ್ಮಣ್ಣಿಯವರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ, ಜೂನ್ 30ರಂದು, ಅರಮನೆಯೆಂಬುದೇ ಇಲ್ಲದಿದ್ದ ಮೈಸೂರಿನಲ್ಲಿ ಚಪ್ಪರ ಹಾಕಿಸಿ ಬಾಲಕನಿಗೆ ಪಟ್ಟ ಕಟ್ಟಲಾಯಿತು. ಜುಲೈ ತಿಂಗಳಿನಲ್ಲಿ ಆದ ಕೌಲಿನ ಪ್ರಕಾರ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪೆನಿಗೆ ಸಲ್ಲಿಸತಕ್ಕದ್ದು. ಸಲ್ಲಿಕೆಗೆ ಭಂಗ ಬರುವ ಭಯವುಂಟಾದರೆ ಆಡಳಿತವನ್ನು ತಾನೇ ವಹಿಸಿಕೊಳ್ಳುವ ಅಧಿಕಾರ ಗವರ್ನರ್ ಜನರಲನಿಗಿರತಕ್ಕದ್ದು. ಮೂವತ್ತೆರಡು ವರ್ಷಗಳ ಅನಂತರ ಬೆಂಟಿಂಕನು ಎತ್ತಿ ಹಿಡಿದದ್ದು ಈ ಕಲಮನ್ನೇ.

ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನೊಪ್ಪಿಸಿ ನಿವೃತ್ತರಾದಾಗ ಖಜಾನೆಯಲ್ಲಿ ಎರಡು ಕೋಟಿಗೂ ಮೀರಿದ ರೂಪಾಯಿಗಳಿದ್ದುವೆಂದು ಹೇಳುತ್ತಾರೆ. ಹದಿನೇಳು ವರ್ಷದ ಅರಸರ ಔದಾರ್ಯಕ್ಕೆ ಆ ರಾಶಿ ಬಹುಕಾಲ ತಡೆಯಲಿಲ್ಲ. ವಿದ್ವಾಂಸರೂ ಸಂಗೀತಗಾರರೂ ಮಠಗಳೂ ಅಗ್ರಹಾರಗಳೂ ಎಷ್ಟು ಪಡೆದರೋ, ಅರ್ಹತೆಯಿಲ್ಲದವರೂ ಅಷ್ಟೇ ಪಡೆದರು. ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಶರತ್ತಿನ ಪದ್ಧತಿ ಬಲಿಯಿತು: ಇಂತಿಷ್ಟು ಕಂದಾಯವನ್ನು ತಂದೊಪ್ಪಿಸುವೆನೆಂದು ಅಮಲ್ದಾರನು ಕರಾರು ಬರೆದುಕೊಡುವುದು, ಕೊರತೆ ಬಿದ್ದರೆ ತಾನೇ ತುಂಬಿಕೊಡಬೇಕಾದುದರಿಂದ ರೈತನನ್ನು ಹಿಂಡುವುದು. 1830ರಲ್ಲಿ ನಗರ ಎಂಬ ಸೀಮೆ ದಂಗೆಯೆದ್ದಿತು. ತಾನೇ ಅಲ್ಲಿಯ ಅರಸನೆಂದು ಬೂದಿ ಬಸಪ್ಪನು ಸಾರಿಕೊಂಡನು. ತರೀಕೆರೆಯ ಪಾಳೆಯಗಾರರೂ ಸೇರಿಕೊಂಡರು. ದಂಗೆಯನ್ನಡಗಿಸಲು ಕಂಪೆನಿಯ ಪಡೆಗಳು ಬಂದುವು, ಹಿಂದೆಯೇ ಬೆಂಟಿಂಕನ ಪತ್ರವೂ ಬಂದಿತು.

ಈ ನಿರ್ಧಾರ ನ್ಯಾಯವೋ ಅನ್ಯಾಯವೋ ಎಂಬುದರ ಮೇಲೆ ಇತಿಹಾಸಜ್ಞರಲ್ಲಿ ಇಂದಿಗೂ ಐಕಮತ್ಯವಿಲ್ಲ. ಮದರಾಸಿನ ಗವರ್ನರ್ ಲಷಿಂಗ್‌ಟನ್ನನೂ ರೆಸಿಡೆಂಟ್ ಕ್ಯಾಸಮೇಜರನೂ ಕಳುಹಿದ ವರದಿಗಳನ್ನು ನಂಬಿ ಬೆಂಟಿಂಕನು ಅವಸರಪಟ್ಟನೆಂದು ಒಂದು ಪಕ್ಷ; ಪ್ರಜೆಗಳ ಗೋಳು ನಿಜವಾಗಿತ್ತೆಂದೂ ಪದ್ಧತಿಯ ದೋಷದಿಂದ ಅರಸರು ಪಾರಾಗಲಾರರೆಂದೂ ಇನ್ನೊಂದು ಪಕ್ಷ. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು 1833ರಲ್ಲಿ ಒಪ್ಪಿಸಿದ ವರದಿಯು, ಕಂದಾಯದ ಸಲ್ಲಿಕೆಗೆ ಬಂದಿದ್ದ ಅಪಾಯವನ್ನು ಅತಿಯಾಗಿ ಬಣ್ಣಿಸಲಾಗಿತ್ತೆಂಬುದನ್ನು ಹೊರಗೆಡಹಿತು. ತನ್ನ ಆಡಳಿತದಲ್ಲಿ ಪಶ್ಚಾತ್ತಾಪಪಡಬೇಕಾದದ್ದು ಮೈಸೂರಿನ ಈ ಪ್ರಸಂಗವೊಂದೇ ಎಂದು ಬೆಂಟಿಂಕನೇ ಮುಂದೆ ಹೇಳಿದನೆಂದು ಪ್ರತೀತಿಯುಂಟು. ಪಶ್ಚಾತ್ತಾಪವುಂಟಾದರೂ ರಾಜ್ಯ ಹಿಂದಿರುಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, 1831ಕ್ಕೆ ಮುಂಚಿನ ಮುಮ್ಮಡಿಯವರನ್ನು ಸಮರ್ಥಿಸುವ ಹುಮ್ಮಸ್ಸು ನನಗಿಲ್ಲ. ಆಮೇಲಿನ ಮುಮ್ಮಡಿಯವರನ್ನು ಅದೇ ತಕ್ಕಡಿಯಲ್ಲಿ ತೂಗಿದವರ ಮೇಲೆ ಮಾತ್ರ ನನಗೆ ಆಕ್ಷೇಪಣೆಯುಂಟು.

ಅರಸರಿಗೆ ವರ್ಷಕ್ಕೆ ಒಂದು ಲಕ್ಷ ವರಹಗಳೂ ನಿವ್ವಳ ಕಂದಾಯದ ಐದನೆಯ ಒಂದು ಪಾಲೂ ಗೊತ್ತಾದುವು. ಆಡಳಿತದ ಕಚೇರಿಗಳು ಬೆಂಗಳೂರಿಗೆ ಹೋದುವು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನನು ಕಮಿಷನರನಾಗಿ ರಸ್ತೆಗಳನ್ನು ಹಾಕಿಸಿದನು. ಇತ್ತ ನಮ್ಮ ತುಮಕೂರಿನಲ್ಲಿ ಬೀಡುಬಿಟ್ಟು ಚಿತ್ರದುರ್ಗ ವಿಭಾಗವನ್ನು ಬಹುಕಾಲ ನೋಡಿಕೊಂಡವನು ಡಾಬ್ಸ್ ಎಂಬ ದೊರೆ. ಮೈಸೂರಿನ ಅರಮನೆಯಲ್ಲಾದರೋ ದರ್ಬಾರು ಎಂದಿನಂತೆ ನಡೆಯಿತು, ಹುಕುಮುಗಳು ಹೊರಡುವುದು ನಿಂತಿತು. ನಾಡನ್ನು ಆಳುವ ದೈನಂದಿನ ಕೆಲಸವಿಲ್ಲದ ಮೇಲೆ ಅರಸನಾದವನು ಬೆಳಗಿನಿಂದ ಸಂಜೆಯ ತನಕ ಏನು ಮಾಡತಕ್ಕದ್ದು? ಲಖನೌ ತಂಜಾವೂರುಗಳ ಅರಮನೆಗಳಿಗೂ ಆ ಶತಮಾನದಲ್ಲಿ ಬಂದ ಪ್ರಶ್ನೆಯಿದು.

ಮೈಸೂರಿನಲ್ಲಿ ಅದಕ್ಕೆ ದೊರೆತ ಉತ್ತರ ಒಂದು ಬಗೆಯ ವಿಶ್ವಕೋಶ. ಮುಮ್ಮಡಿಯವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯು ಶಕ್ತಿನಿಧಿಯಿಂದ ಮೊದಲಾಗಿ ಒಂಬತ್ತು ನಿಧಿಗಳ ಮಹಾಗ್ರಂಥ, ದೇವತಾಮೂರ್ತಿಗಳ ಧ್ಯಾನಶ್ಲೋಕಗಳನ್ನೂ ವರ್ಣಚಿತ್ರಗಳನ್ನೂ ಪುಟಪುಟಕ್ಕೂ ಹೊಂದಿಸಿದ ಆ ಬೃಹದ್ರಚನೆಯ ಕೊನೆಯ ನಿಧಿಯ ಹೆಸರು ಕೌತುಕನಿಧಿ. ಎಲೆಯಾಟ, ಹಾಸಿನಾಟ, ಚದುರಂಗಗಳು ಬರುವುದು ಇಲ್ಲಿ. ದೇವತೆಗಳ ಸಾಲಿನ ಕೊನೆಯಲ್ಲಿ ಆಟಗಳಿಗೆ ಪೀಠ ಹಾಕಿಕೊಟ್ಟ ಈ ವಿನ್ಯಾಸವನ್ನು ಲಘುವಾಗಿ ಕಾಣಬೇಕಾದ ಕಾರಣವಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ರಾಜನ ವಿನೋದಗಳ ನಡುವೆ ಚತುರಂಗದ ವರ್ಣನೆಯಿದೆ, ಕನ್ನಡ ನೆಲದ ದೊರೆಗಳು ಆಟವನ್ನು ಶಾಸ್ತ್ರವನ್ನಾಗಿ ಬರೆದಿಡುವ ಸಂಪ್ರದಾಯ ಅಷ್ಟು ಹಳೆಯದು. ಮುಮ್ಮಡಿಯವರ ಆಸಕ್ತಿಯಿಂದ ಮೈಸೂರಿನ ಗಂಜೀಫಾ ಎಲೆಗಳಲ್ಲಿ ‘ಚದ’ ಎಂಬ ಹೊಸ ಆಟಗಳು ಹುಟ್ಟಿದುವು. ಕೆಲವು ಕಟ್ಟುಗಳಲ್ಲಿ ಹದಿನಾರು ಹದಿನೆಂಟು ಬಣಗಳು, ಬಣಕ್ಕೆ ಹನ್ನೆರಡು ಅಂಕದೆಲೆಗಳು, ಅವುಗಳ ಮೇಲೆ ರಾಜ ಮಂತ್ರಿ ಮೊದಲಾದ ಚಿತ್ರದೆಲೆಗಳು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ರಾಜವಂಶದ ಚಿತ್ರಗಳ ಜೊತೆಗೆ ಆಟದ ಹಾಸುಗಳನ್ನೂ ಬರೆಸಿದ್ದಾರೆ.

ಈ ಎಲ್ಲದರಲ್ಲಿ ಮಹಾರಾಜರು ಅತ್ಯಂತ ಆಳಕ್ಕೆ ಇಳಿದದ್ದು ಕುದುರೆಯ ಸಂಚಾರದಲ್ಲಿ. ಚದುರಂಗದ ಮಣೆಯನ್ನು ಬಲ್ಲವರಿಗೆ ಕುದುರೆಯ ನಡೆ ಹೊಸದಲ್ಲ: ನೇರ ಎರಡು ಮನೆ, ಪಕ್ಕಕ್ಕೊಂದು ಮನೆ; ಕಪ್ಪಿನಿಂದ ಹೊರಟರೆ ಬಿಳಿಗೆ, ಬಿಳಿಯಿಂದ ಕಪ್ಪಿಗೆ. ಮಣೆಯ ನಡುವೆ ನಿಂತ ಕುದುರೆಗೆ ಎಂಟು ದಾರಿಗಳಿದ್ದರೆ ಮೂಲೆಯಲ್ಲಿ ನಿಂತದ್ದಕ್ಕೆ ಎರಡೇ. ಯಾವುದಾದರೊಂದು ಮನೆಯಿಂದ ಹೊರಟು, ಹೋದ ಮನೆಗೆ ಮತ್ತೆ ಹೋಗದೆ, ಅರವತ್ತನಾಲ್ಕು ಮನೆಗಳನ್ನೂ ಮುಟ್ಟಿಬರುವುದು ಮೊದಲನೆಯ ಪಂಥ. ನಮ್ಮ ಆಲಂಕಾರಿಕರಿಗೆ ಇದು ತುರಗಬಂಧ. ಒಂಬತ್ತನೆಯ ಶತಮಾನದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಮಣೆಯ ಮೂವತ್ತೆರಡು ಮನೆಗಳಿಗೆ ಅಕ್ಷರ ತುಂಬಿ ಇದನ್ನು ತೋರಿಸಿದ್ದಾನೆ, ವೇದಾಂತದೇಶಿಕರು ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಓದಿಕೊಂಡುಹೋದರೆ ಇನ್ನೊಂದು ಶ್ಲೋಕವಾಗುವಂತೆ ಹೆಣೆದಿದ್ದಾರೆ. ಯುರೋಪಿನಲ್ಲಿ 1759ರಲ್ಲಿ ಆಯ್ಲರ್ ಎಂಬ ಗಣಿತಜ್ಞನು ಇದನ್ನು ಗಣಿತದ ಪ್ರಶ್ನೆಯಾಗಿ ಕೈಗೆತ್ತಿಕೊಂಡನು. ಮೈಸೂರಿನ ಅರಸರಿಗೆ ಕವಿಪರಂಪರೆ ಮನೆಯದೇ ಆಗಿದ್ದಿತು. ಗಣಿತದ ಗುಂಗು ಅವರಿಗೆ ಸ್ವಂತದ್ದು.

ಎರಡನೆಯ ಪಂಥ ಬಹು ಕಠಿನ. ಕುದುರೆಯು ಹೊರಟ ಮನೆಗೆ ಒಂದು, ಮುಂದಿನ ಮನೆಗೆ ಎರಡು, ಹೀಗೆ ಹೆಜ್ಜೆಯ ಎಣಿಕೆಯನ್ನು ಮನೆಮನೆಗೂ ಬರೆಯುತ್ತ ಹೋದರೆ ಕೊನೆಗೆ ಅರವತ್ತನಾಲ್ಕು ಅಂಕಗಳ ಚೌಕವೊಂದು ಸಿದ್ಧವಾಗುತ್ತದೆ. ಅಂಕಗಳೆಲ್ಲ ಕೂಡಿದರೆ 2080. ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ಸಾಲಿಗೆ 260. ಅಡ್ಡಸಾಲು ಉದ್ದಸಾಲು ಹದಿನಾರನ್ನೂ ಒಂದೊಂದಾಗಿ ಕೂಡಿದರೆ ಪ್ರತಿಯೊಂದರಲ್ಲಿಯೂ 260 ಬರುವಂತೆ ಕುದುರೆಯನ್ನು ನಡೆಸಬೇಕು. ಇಲ್ಲಿ ಒಂದು ಹೆಜ್ಜೆ ತಪ್ಪಿದರೆ ಕೆಡುವುದು ಆ ಸಾಲೊಂದೇ ಅಲ್ಲ; ನಲವತ್ತನೆಯ ಹೆಜ್ಜೆಯ ತಪ್ಪನ್ನು ತಿದ್ದುವುದಕ್ಕೆ ಹತ್ತನೆಯ ಹೆಜ್ಜೆಗೆ ಹಿಂದಿರುಗಬೇಕಾಗುತ್ತದೆ. ಇಂತಹ ಸಂಚಾರವೊಂದನ್ನು ಇಂಗ್ಲೆಂಡಿನ ಬೆವರ್ಲಿ ಎಂಬವನು 1848ರಲ್ಲಿ ಮೊದಲು ಪ್ರಕಟಿಸಿದನು. ಮುಮ್ಮಡಿಯವರ ಹೆಸರಿನಲ್ಲಿ ಬಂದಿರುವುದರಲ್ಲಿ ಪ್ರಸಿದ್ಧವಾದದ್ದು ಇನ್ನೂ ದೊಡ್ಡ ಮಣೆಯದು: ಹನ್ನೆರಡಕ್ಕೆ ಹನ್ನೆರಡು, ಒಟ್ಟು 144 ಮನೆ, ಸಾಲುಸಾಲಿಗೂ 870.

ಕಾಲನಿರ್ಣಯದ ವಿಷಯದಲ್ಲಿ ಆಟದ ಚರಿತ್ರಕಾರರಿಗೆ ಸ್ವಲ್ಪ ತಕರಾರುಂಟು. ಅರಸರ ಕೃತಿಗಳು ಯುರೋಪಿನ ಪತ್ರಿಕೆಗಳಲ್ಲಿ ಅಚ್ಚಾದವುಗಳಲ್ಲವಾದುದರಿಂದ ಯಾವುದು ಯಾವ ವರ್ಷದ್ದೆಂದು ಖಚಿತವಾಗಿ ಹೇಳುವುದು ಕಷ್ಟ. ಅವು ಅವರ ಬಾಳಿನ ಕಡೆಯ ದಶಕಗಳಿಗೆ ಸೇರಿದವೆಂದು ಬಲ್ಲವರು ಊಹಿಸುತ್ತಾರೆ. ಆಸ್ಥಾನದ ಪಂಡಿತರ ಪಾಲೆಷ್ಟು, ಅರಸರ ಸ್ವಂತ ಪಾಲೆಷ್ಟು ಎಂದು ಕೇಳುವವರೂ ಇದ್ದಾರೆ. ಆ ಸಂದೇಹ ನ್ಯಾಯವಾದದ್ದೇ, ಏಕೆಂದರೆ ಅರಮನೆಯ ಅಂಕಿತದಲ್ಲಿ ಹೊರಟ ಗ್ರಂಥಗಳೆಲ್ಲ ಒಂದೇ ಲೇಖನಿಯಿಂದ ಬಂದವೆಂದು ನಂಬುವಷ್ಟು ಮುಗ್ಧರು ಈಗ ಯಾರೂ ಇಲ್ಲ. ಆದರೆ ಆಟಗಳ ಹಾಸುಗಳೂ ಚದಗಳೂ ಕುದುರೆಯ ಸಂಚಾರಗಳೂ ಒಂದೇ ಮನೋಧರ್ಮವನ್ನು ತೋರಿಸುತ್ತವೆ: ಇದ್ದ ನಿಯಮವನ್ನು ಇನ್ನಷ್ಟು ಬಿಗಿಮಾಡಿಕೊಂಡು ಅದರೊಳಗೇ ದಾರಿ ಹುಡುಕುವ ಛಲ. ಪಂಡಿತರು ಬದಲಾಗುತ್ತಿದ್ದರು, ಈ ಛಲ ಬದಲಾಗಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲರಂತಹ ವಿದ್ವಾಂಸರು ಮುಮ್ಮಡಿಯವರನ್ನು ಆಟಗಳ ನಿರ್ಮಾಪಕರೆಂದು ಪರಿಗಣಿಸಿ ಬರೆದಮೇಲೆ, ಇದನ್ನು ಅರಮನೆಯ ಕಾಲಹರಣವೆಂದು ತಳ್ಳಿಬಿಡುವುದು ಮೊದಲಿನಷ್ಟು ಸುಲಭವಲ್ಲ.

ಕಾಲಹರಣವೆಂದು ತಳ್ಳಿಬಿಟ್ಟವರು ಯಾರು? ಮೊದಲು ಬೆಂಗಳೂರಿನ ಆಂಗ್ಲ ಅಧಿಕಾರಿಗಳು. ಅರಸರು ವಿಲಾಸಪ್ರಿಯರು, ರಾಜ್ಯಭಾರಕ್ಕೆ ಅನರ್ಹರು ಎಂಬ ವಾದಕ್ಕೆ ಅರಮನೆಯ ಆಟಪಾಟಗಳು ಅವರಿಗೆ ಅನುಕೂಲವಾಗಿದ್ದುವು. ಮುಂದೆ ನಮ್ಮವರೂ ಅದೇ ಮಾತನ್ನು ನಯವಾಗಿ ಹೇಳಿದರು. ಆದರೆ ಅದೇ ವರ್ಷಗಳಲ್ಲಿ ಅದೇ ಅರಮನೆಯಿಂದ ಹೊರಟ ಪತ್ರಗಳ ಕಡೆಗೂ ಒಮ್ಮೆ ನೋಡಬೇಕು. ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಮಹಾರಾಜರು ಒಬ್ಬ ಗವರ್ನರ್ ಜನರಲನಾದಮೇಲೆ ಇನ್ನೊಬ್ಬನಿಗೆ ಬರೆಯುತ್ತಲೇ ಹೋದರು. 1856ರಲ್ಲಿ ಡಾಲ್‌ಹೌಸಿಯು, ಈ ಅರಸನ ಕಾಲಾನಂತರ ಮೈಸೂರು ತಾನಾಗಿಯೇ ಕಂಪೆನಿಗೆ ಸೇರಿಕೊಳ್ಳತಕ್ಕದ್ದೆಂದು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟು ಹೋದನು. 1857ರ ಕ್ಷೋಭೆಯಲ್ಲಿ ಮಹಾರಾಜರು ಆಂಗ್ಲರ ಪಕ್ಷ ಬಿಡಲಿಲ್ಲ. ಅದಕ್ಕಾಗಿ ಕ್ಯಾನಿಂಗನ ಕೃತಜ್ಞತೆಯ ಪತ್ರ ಬಂದಿತು, ಆದರೆ 1862ರಲ್ಲಿ ರಾಜ್ಯವನ್ನು ಕೇಳಿದಾಗ ಅದೇ ಕ್ಯಾನಿಂಗನು ಆಗದೆಂದನು. ಮರುವರ್ಷ ಲಂಡನ್ನಿನಿಂದ ಭಾರತ ಕಾರ್ಯದರ್ಶಿ ಚಾರ್ಲ್ಸ್ ವುಡ್ಡನೂ ಆಗದೆಂದನು. ತೆಂಗಿನಕಾಯನ್ನು ಅಟ್ಟಕ್ಕೇರಿಸಿ, ಒಳಗೆ ನೀರು ಇಂಗಿ ಕೊಬ್ಬರಿಯಾಗಿ ಕಳಚಿ ಗಳಗಳನೆ ಸದ್ದಾಗುವ ತನಕ ತಿಂಗಳುಗಟ್ಟಲೆ ಕೈಯಿಡದೆ ಕಾಯುವ ನಮ್ಮ ದಬ್ಬೇಘಟ್ಟದ ಕಡೆಯವರಿಗೆ ಈ ಬಗೆಯ ತಾಳ್ಮೆಯ ಬೆಲೆ ಗೊತ್ತು. ಆದರೆ ಮೂವತ್ತು ವರ್ಷ ಕಾದವರು ನಮ್ಮಲ್ಲಿಯೂ ಇಲ್ಲ.

ಎಪ್ಪತ್ತನ್ನು ದಾಟಿದ ಅರಸರು 1865ರ ಜೂನ್ 18ರಂದು, ಕೇಳಿದ ಅನುಮತಿ ಬರುವುದಿಲ್ಲವೆಂಬುದನ್ನು ಬಲ್ಲವರಾಗಿಯೇ, ಬೆಟ್ಟದಕೋಟೆ ಅರಸುಗಳ ವಂಶದ ಎರಡು ವರ್ಷದ ಮಗುವೊಂದನ್ನು ದತ್ತು ತೆಗೆದುಕೊಂಡರು. ಅವರ ಬಾಳಿನ ಅತ್ಯಂತ ಸಾಹಸದ ನಡೆ ಇದು. ದತ್ತಕವನ್ನು ಒಪ್ಪಿದರೆ ರಾಜ್ಯವನ್ನು ಮುಂದೊಂದು ದಿನ ಬಿಟ್ಟುಕೊಡಬೇಕು. ಒಪ್ಪದಿದ್ದರೆ, 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆಯಲ್ಲಿ ದೇಶೀಯ ದೊರೆಗಳಿಗೆ ಕೊಟ್ಟ ಅಭಯ ಸುಳ್ಳಾಗುತ್ತದೆ. ಅರಸರ ವೈದ್ಯರಾಗಿದ್ದ ಡಾಕ್ಟರ್ ಕ್ಯಾಂಬೆಲ್ ಇಂಗ್ಲೆಂಡಿಗೆ ಹೋಗಿ ಅವರ ಪರವಾಗಿ ವಾದಿಸಿದರು; ಮೇಜರ್ ಇವಾನ್ಸ್ ಬೆಲ್ ಮೈಸೂರಿನ ಪಕ್ಷ ಹಿಡಿದು ಪುಸ್ತಕವನ್ನೇ ಬರೆದನು; ಪಾರ್ಲಿಮೆಂಟಿಗೆ ಮನವಿಗಳು ಹೋದುವು. ಕಟ್ಟಕಡೆಗೆ 1867ರ ಏಪ್ರಿಲ್ 16ರಂದು ಭಾರತ ಕಾರ್ಯದರ್ಶಿ ಸ್ಟಾಫರ್ಡ್ ನಾರ್ತ್‌ಕೋಟನು ದತ್ತಕವನ್ನು ಒಪ್ಪಿ ಬರೆದನು. ಮುಮ್ಮಡಿಯವರು ಮರುವರ್ಷ, 1868ರ ಮಾರ್ಚ್ 27ರಂದು, ಕಾಲವಶರಾದರು. ಅವರು ತೆಗೆದುಕೊಂಡ ಮಗುವೇ ಚಾಮರಾಜೇಂದ್ರ ಒಡೆಯರು. 1881ರ ಮಾರ್ಚ್ 25ರಂದು ಆಳ್ವಿಕೆ ಮೈಸೂರಿನ ಅರಸುಮನೆತನಕ್ಕೆ ಹಿಂದಿರುಗಿತು.

ಇಲ್ಲಿಗೆ ಬಂದಾಗ ಲೇಖಕನಾದವನಿಗೆ ಒಂದು ಆಸೆ ಹುಟ್ಟುವುದು ಸಹಜ. ಮಣೆಯ ಮೇಲಿನ ಚದುರಂಗವೂ ರಾಜಕಾರಣದ ಚದುರಂಗವೂ ಒಂದೇ ಎಂದು ಬರೆದುಬಿಟ್ಟರೆ ಲೇಖನಕ್ಕೆ ಕಳೆಗಟ್ಟೀತು. ಅದರಲ್ಲಿಯೂ ನಮ್ಮ ನಾಡಿನ ಹಳೆಯ ಆಟದಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಅದು ಪೂರ್ಣಜಯವಾಗುತ್ತಿರಲಿಲ್ಲ, ಆದುದರಿಂದ ನುರಿತವರು ಒಂದು ಪೇದೆಯನ್ನಾದರೂ ಉಳಿಸಿಯೇ ಆಡುತ್ತಿದ್ದರು ಎಂಬುದನ್ನು ಬಲ್ಲವರಿಗೆ, ಒಂಟಿ ರಾಜನನ್ನುಳಿಸಿದ ಕಂಪೆನಿಯ ಗೆಲುವು ಏಕೆ ಅರೆಗೆಲುವಾಯಿತೆಂದು ಹೇಳುವ ಚಪಲ ತಡೆಯುವುದು ಕಷ್ಟ. ಆದರೆ ಈ ಹೋಲಿಕೆ ಒಂದು ಮುಖ್ಯ ಸಂಗತಿಯನ್ನು ಮುಚ್ಚಿಬಿಡುತ್ತದೆ. ಕುದುರೆಯ ಸಂಚಾರದಲ್ಲಿ ಎದುರಾಳಿಯೇ ಇಲ್ಲ. ಅಲ್ಲಿ ಯಾರನ್ನೂ ಸೋಲಿಸುವಂತಿಲ್ಲ, ಯಾರಿಂದಲೂ ಅನುಮತಿ ಬೇಡುವಂತಿಲ್ಲ. ದೊರೆಗೂ ಅಂಕಗಳಿಗೂ ನಡುವೆ ರೆಸಿಡೆಂಟನೆಂಬವನು ಬರುವಂತಿಲ್ಲ. ಪತ್ರವ್ಯವಹಾರದಲ್ಲಿ ಪ್ರತಿಯೊಂದು ಹೆಜ್ಜೆಗೂ ಕಲ್ಕತ್ತೆಯ ಮುಖ ನೋಡಬೇಕಾಗಿದ್ದ ಮನುಷ್ಯನೊಬ್ಬನು ತನ್ನ ಬುದ್ಧಿಯನ್ನು ಸ್ವತಂತ್ರವಾಗಿ ನಡೆಸಿದ ಸ್ಥಳ ಇದೆಂದು ನಾನು ತಿಳಿಯುತ್ತೇನೆ. ರಾಜಕಾರಣಕ್ಕೆ ಇದು ತರಬೇತಿಯಾಗಿರಲಿಲ್ಲ, ರಾಜಕಾರಣದಿಂದ ಪಲಾಯನವೂ ಆಗಿರಲಿಲ್ಲ. ಎರಡನ್ನೂ ಒಬ್ಬರೇ, ಒಂದೇ ದಿನದಲ್ಲಿ, ಒಂದನ್ನು ಬೆಳಿಗ್ಗೆ ಇನ್ನೊಂದನ್ನು ಸಂಜೆ, ನಡೆಸಿಕೊಂಡು ಬಂದಿರಬಹುದು.

ಮುಮ್ಮಡಿಯವರು ಆಡುತ್ತಿದ್ದ ಕಾಲದಲ್ಲಿ ಊರೂರಿನ ಚದುರಂಗಕ್ಕೂ ಯುರೋಪಿನ ಚದುರಂಗಕ್ಕೂ ಅಂತರವಿದ್ದಿತು. ನಮ್ಮಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಇಡುತ್ತಿತ್ತು. ರಾಜನು ಕೋಟೆ ಕಟ್ಟಿಕೊಳ್ಳುವ ಕ್ರಮವಿರದೆ, ಒಂದೇ ಒಂದು ಸಲ ಕುದುರೆಯಂತೆ ನೆಗೆಯುವ ಅವಕಾಶವಿರುತ್ತಿತ್ತು. ತಿಪಟೂರು ತುರುವೇಕೆರೆಗಳ ಸೀಮೆಯಲ್ಲಿ ಅರಳಿಕಟ್ಟೆಯ ಕಲ್ಲಿನ ಮೇಲೆ ಹುಲಿಕಟ್ಟು ಚೌಕಾಬಾರಗಳ ಗೆರೆಗಳು ಕಾಣುವಷ್ಟು ಚದುರಂಗದ ಮನೆಗಳು ಕಾಣುವುದಿಲ್ಲವಾದರೂ, ಓದುಬರಹ ಬಲ್ಲ ಮನೆಗಳ ಪಡಸಾಲೆಗಳಲ್ಲಿ ಮುದುಕರು ಆಡುತ್ತಿದ್ದುದು ಈ ಹಳೆಯ ಕ್ರಮವನ್ನೇ. ಪಂಜಾಬಿನ ಮೀರ್ ಸುಲ್ತಾನ್ ಖಾನನೂ ಬಾಲ್ಯದಲ್ಲಿ ಕಲಿತದ್ದು ದೇಶೀಯ ಕ್ರಮ. ಹೊಸ ನಿಯಮಗಳನ್ನು ಕಲಿತು ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಮೂರು ಸಲ ಅಲ್ಲಿನ ಚಾಂಪಿಯನ್ನನಾಗಿ, ಹೇಸ್ಟಿಂಗ್ಸಿನಲ್ಲಿ ಹಿಂದಿನ ವಿಶ್ವಚಾಂಪಿಯನ್ ಕಪಾಬ್ಲಾಂಕನನ್ನೇ ಸೋಲಿಸಿದವನು ಅವನು. ಗ್ರ್ಯಾಂಡ್‌ಮಾಸ್ಟರ್ ಎಂಬ ಬಿರುದನ್ನು ವಿಶ್ವ ಚದುರಂಗ ಸಂಸ್ಥೆಯು ವಿಧ್ಯುಕ್ತವಾಗಿ ಕೊಡತೊಡಗಿದ್ದು 1950ರಿಂದ. ಸುಲ್ತಾನ್ ಖಾನನಿಗೆ ಅದು ಗೌರವಾರ್ಥವಾಗಿ ದೊರೆತದ್ದು 2024ರಲ್ಲಿ, ಅವನು ತೀರಿಹೋಗಿ ಎಷ್ಟೋ ಕಾಲವಾದ ಮೇಲೆ. ನಮ್ಮ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರಾಗಿ ವಿಶ್ವನಾಥನ್ ಆನಂದರು 1988ರಲ್ಲಿ ಬಂದರು. ಕರ್ನಾಟಕಕ್ಕೆ ಆ ಬಿರುದು ಬರುವುದಕ್ಕೆ ಇನ್ನೂ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು: 2017ರಲ್ಲಿ ರೈಲ್ವೆಯ ನೌಕರರಾದ ಎಂ. ಎಸ್. ತೇಜಕುಮಾರರು, ಮೂವತ್ತಾರರ ಪ್ರಾಯದಲ್ಲಿ, ರಾಜ್ಯದ ಮೊದಲನೆಯ ಗ್ರ್ಯಾಂಡ್‌ಮಾಸ್ಟರಾದರು. ಹದಿನಾಲ್ಕು ಹದಿನೈದರ ಹುಡುಗರು ಬಿರುದು ಪಡೆಯುವ ಕಾಲದಲ್ಲಿ, ನೌಕರಿಯನ್ನೂ ಆಟವನ್ನೂ ತೂಗಿಸಿಕೊಂಡು ಆ ವಯಸ್ಸಿನ ತನಕ ಬಿಡದೆ ಹಿಂಬಾಲಿಸಿದ್ದು ಸಾಮಾನ್ಯವಲ್ಲ. ಅವರೂ ಮೈಸೂರಿನವರು, 2019ರಲ್ಲಿ ಎರಡನೆಯವರಾಗಿ ಬಂದ ಗಿರೀಶ್ ಕೌಶಿಕರೂ ಮೈಸೂರಿನವರೇ. ಇದಕ್ಕೂ ಮುಮ್ಮಡಿಯವರಿಗೂ ಸಂಬಂಧ ಕಲ್ಪಿಸುವುದು ಬರಿಯ ಅಭಿಮಾನದ ಮಾತಾದೀತು.

ಅರಸರ ಕುದುರೆಯ ವಿಷಯದಲ್ಲಿ ಒಂದು ಸಂಗತಿ ಮಾತ್ರ ಈಚೆಗೆ ಇತ್ಯರ್ಥವಾಗಿದೆ. ಅಡ್ಡಸಾಲು ಉದ್ದಸಾಲುಗಳ ಜೊತೆಗೆ ಎರಡು ಕರ್ಣಗಳಲ್ಲಿಯೂ ಅದೇ ಮೊತ್ತ ಬರುವಂತಹ ಪರಿಪೂರ್ಣ ಸಂಚಾರವೊಂದು ಅರವತ್ತನಾಲ್ಕು ಮನೆಗಳ ಮಣೆಯ ಮೇಲೆ ಸಾಧ್ಯವೇ ಎಂಬ ಪ್ರಶ್ನೆ ಬೆವರ್ಲಿಯ ಕಾಲದಿಂದಲೂ ಬಗೆಹರಿಯದೆ ಉಳಿದಿದ್ದಿತು. 2003ರಲ್ಲಿ ಗಣಕಯಂತ್ರವನ್ನು ಎರಡು ತಿಂಗಳ ಕಾಲ ಓಡಿಸಿ ಎಲ್ಲ ದಾರಿಗಳನ್ನೂ ಶೋಧಿಸಿದಾಗ, ಸಾಲುಗಳಲ್ಲಿ 260 ಬರುವ ಸಂಚಾರಗಳು ಮೂಲತಃ 140 ಇರುವುವೆಂದೂ, ಕರ್ಣಗಳೂ ಕೂಡಿಬರುವಂಥದು ಒಂದೂ ಇಲ್ಲವೆಂದೂ ಸಿದ್ಧವಾಯಿತು. ಹನ್ನೆರಡಕ್ಕೆ ಹನ್ನೆರಡರ ಮಣೆಯಲ್ಲಾದರೆ ಅದು ಸಾಧ್ಯವೆಂದು ಈಗ ಗೊತ್ತಾಗಿದೆ. ಚಿಕ್ಕ ಮಣೆಯನ್ನು ಬಿಟ್ಟು ದೊಡ್ಡ ಮಣೆಗೆ ಹೋದ ಮುಮ್ಮಡಿಯವರು ಗಣಕವಿಲ್ಲದೆಯೇ ಸರಿಯಾದ ದಿಕ್ಕಿಗೆ ತಿರುಗಿದ್ದರು.